ಒಂದೇ ಬಾಗಿಲಿನ ಕೋವಿ

ತೋಟೆ ಕೋವಿಯನ್ನು ಕೈಗೆತ್ತಿಕೊಂಡವನು ಮೊದಲು ಅದನ್ನು ನಡುವಿನಲ್ಲಿ ಮಡಚಿ ನಳಿಗೆಯ ಬುಡ ನೋಡುತ್ತಾನೆ. ತೋಟೆ ಇದ್ದರೆ ಅದರ ಹಿತ್ತಾಳೆಯ ತಳ ಹೊಳೆಯುತ್ತದೆ, ಇಲ್ಲದಿದ್ದರೆ ನಳಿಗೆಯ ಆಚೆ ತುದಿಯ ಬೆಳಕು ಕಾಣುತ್ತದೆ. ಎರಡು ಗಳಿಗೆಯ ಕೆಲಸ, ಅನುಮಾನಕ್ಕೆ ಎಡೆಯೇ ಇಲ್ಲ. ಪೆಟ್ಟಿಗೆ ಸಿಡಿದು ಮದ್ದಿಗೆ ಕಿಡಿ ಕೊಡುವ ಕೇಪಿನ ಕೋವಿಯಲ್ಲಿ ಈ ಅನುಕೂಲವಿಲ್ಲ. ಅದರ ನಳಿಗೆಯ ಬುಡವನ್ನು ಕಬ್ಬಿಣದ ತಿರುಪು ಹಾಕಿ ಮುಚ್ಚಿರುತ್ತಾರೆ. ಮದ್ದು, ನಾರು, ಚರೆ ಎಲ್ಲವೂ ಬಾಯಿಯಿಂದ ಒಳಗೆ ಹೋಗಬೇಕು, ಹೊರಗೆ ಬರುವುದೂ ಆ ಬಾಯಿಯಿಂದಲೇ. ಒಂದೇ ಬಾಗಿಲಿನ ಮನೆಯಂತೆ ಇದು. ಆ ಬಾಗಿಲಲ್ಲಿ ಇಣುಕಿ ನೋಡುತ್ತೇನೆಂದು ಹೊರಟವನು ತನ್ನ ತಲೆಯನ್ನೇ ಗುರಿಗೆ ಒಡ್ಡಿರುತ್ತಾನೆ. ಹೊರಗಿನಿಂದ ನೋಡಿದರೆ ಈಡು ತುಂಬಿದ ಕೋವಿಗೂ ಖಾಲಿ ಕೋವಿಗೂ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ. ಆದ್ದರಿಂದ ಈ ಕೋವಿಯ ಸುರಕ್ಷತೆ ಯಾರ ನೆನಪಿನ ಮೇಲೂ ಯಾರ ಮಾತಿನ ಮೇಲೂ ನಿಲ್ಲಬಾರದು. ಈಡು ತುಂಬಿದ ಕೇಪಿನ ಕೋವಿ ಮನೆಯೊಳಗೆ ಬರಲೇಬಾರದು, ಖಾಲಿ ಎಂಬುದನ್ನು ಪ್ರತಿಸಲವೂ ಅಳೆದೇ ತಿಳಿಯಬೇಕು. ಉಳಿದ ಎಚ್ಚರಿಕೆಗಳೆಲ್ಲ ಈ ಎರಡು ಮಾತುಗಳಿಂದ ಹುಟ್ಟುತ್ತವೆ ಎಂಬುದು ನನ್ನ ವಾದ.

ಇದು ವಸ್ತುಸಂಗ್ರಹಾಲಯಕ್ಕೆ ಸೇರಿದ ವಿಷಯ ಎಂದುಕೊಳ್ಳುವ ಹಾಗಿಲ್ಲ. 1959ರ ಆಯುಧ ಕಾಯ್ದೆಯ 13ನೇ ಕಲಮು ಪರವಾನಗಿ ಕೊಡುವ ಸಂದರ್ಭಗಳನ್ನು ಹೇಳುವಾಗ, ನಿಜವಾಗಿ ಬೆಳೆ ರಕ್ಷಣೆಗೆ ಬಳಸುವ ಬಾಯಿ ತುಂಬುವ ಕೋವಿಯನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಮಲೆನಾಡಿನ ಅನೇಕ ರೈತರ ಕೋವಿಗಳು ಮನೆಯಲ್ಲಿರುವುದು ಈ ಆಧಾರದ ಮೇಲೆ. ಕೊಡಗಿನ ಕಥೆ ಇನ್ನೂ ಹಳೆಯದು. ಅಲ್ಲಿನ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಸಿಕ್ಕಿರುವ ವಿನಾಯಿತಿಯ ಬೇರು 1861ರಲ್ಲಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೊಡವರು ತೋಕ್ ಎಂದು ಕರೆಯುವ ಕೋವಿ ಅಲ್ಲಿ ಬರೀ ಆಯುಧವಲ್ಲ, ಹುಟ್ಟಿಗೂ ಸಾವಿಗೂ ಅದರ ಸದ್ದು ಬೇಕು. ಹಂದಿ, ಮುಳ್ಳುಹಂದಿ, ಮಂಗಗಳ ಕಾಟದ ನಡುವೆ ಗದ್ದೆ ತೋಟ ಉಳಿಸಿಕೊಳ್ಳಬೇಕಾದವರ ಮನೆಗಳಲ್ಲಿ ಈ ಕೋವಿ ಛತ್ರಿ, ಕತ್ತಿಗಳಷ್ಟೇ ಪರಿಚಿತ ವಸ್ತು. ಅಪಾಯದ ಮೂಲವೂ ಈ ಪರಿಚಯವೇ. ದಿನವೂ ಕಾಣುವ ವಸ್ತುವಿನ ಬಗ್ಗೆ ಭಯ ಉಳಿಯುವುದಿಲ್ಲ. ಭಯ ಹೋದ ಜಾಗಕ್ಕೆ ಕ್ರಮ ಬಂದು ಕೂರದಿದ್ದರೆ ಆ ಜಾಗವನ್ನು ಅಜಾಗರೂಕತೆ ಹಿಡಿಯುತ್ತದೆ.

ನೆನಪನ್ನು ನಂಬಬಾರದು ಎನ್ನುವುದಕ್ಕೆ ಚರಿತ್ರೆಯಲ್ಲಿರುವ ದೊಡ್ಡ ಸಾಕ್ಷಿ ಅಮೆರಿಕದ ಅಂತರ್ಯುದ್ಧದ್ದು. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನ ಮುಗಿದ ಮೇಲೆ ರಣರಂಗದಲ್ಲಿ ಬಿದ್ದಿದ್ದ ಕೋವಿಗಳನ್ನು ಆರಿಸಿ ತಂದು ಪರೀಕ್ಷಿಸಿದರು. ಲೆಕ್ಕಕ್ಕೆ ಸಿಕ್ಕ 27,574 ಕೋವಿಗಳಲ್ಲಿ ಸುಮಾರು 24,000 ಕೋವಿಗಳಲ್ಲಿ ಈಡು ಇನ್ನೂ ಹಾಗೆಯೇ ಇತ್ತು. ಸುಮಾರು 12,000 ಕೋವಿಗಳಲ್ಲಿ ಒಂದರ ಮೇಲೊಂದು ಎರಡು ಈಡು, ಸುಮಾರು 6,000 ಕೋವಿಗಳಲ್ಲಿ ಮೂರರಿಂದ ಹತ್ತು ಈಡು. ಒಂದು ಕೋವಿಯಲ್ಲಂತೂ 23 ಈಡು ಪೇರಿಸಿತ್ತು ಎಂದು ವರದಿಯಾಯಿತು. ಸೈನಿಕರು ಹಾಗೇಕೆ ಮಾಡಿದರು ಎಂಬುದಕ್ಕೆ ಗಾಬರಿ, ಕೇಪು ಸಿಡಿದರೂ ಮದ್ದು ಹೊತ್ತದ್ದು ಗದ್ದಲದಲ್ಲಿ ತಿಳಿಯದೇ ಹೋದದ್ದು, ಕೊಲ್ಲಲು ಮನಸ್ಸಾಗದ್ದು ಎಂದು ವಿದ್ವಾಂಸರು ಬೇರೆ ಬೇರೆ ಕಾರಣ ಕೊಡುತ್ತಾರೆ. ನಮ್ಮ ವಾದಕ್ಕೆ ಆ ಚರ್ಚೆ ಬೇಕಿಲ್ಲ. ಕಾರಣ ಯಾವುದಾದರೂ ಇರಲಿ, ಎರಡನೆಯ ಈಡು ಒಳಗಿಳಿಯುವಾಗ ಕೋವಿ ಬೇಡ ಎನ್ನಲಿಲ್ಲ. ತೋಟೆ ಕೋವಿಯಲ್ಲಿ ಒಂದು ತೋಟೆ ಇರುವಾಗ ಇನ್ನೊಂದನ್ನು ತುರುಕಲು ಆಗುವುದೇ ಇಲ್ಲ. ಇಲ್ಲಿ ತಡೆಯುವ ಅಂಗವೇ ಇಲ್ಲ. ದಿನಗಟ್ಟಲೆ ಕವಾಯತು ಮಾಡಿ ಪಳಗಿದ ಸಿಪಾಯಿಗಳೇ ತಮ್ಮ ಕೈಯಲ್ಲಿದ್ದ ಕೋವಿಯ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯದೆ ಹೋದರೆಂದರೆ, ಮೂರು ತಿಂಗಳ ಹಿಂದೆ ಮೂಲೆಗಿಟ್ಟ ಕೋವಿಯ ಬಗ್ಗೆ ‘ಅದು ಖಾಲಿ, ನನಗೆ ಗೊತ್ತು’ ಎನ್ನುವ ಮಾತಿಗೆ ಎಷ್ಟು ಬೆಲೆ ಕೊಡಬಹುದು?

‘ಇದ್ದರೂ ಏನಂತೆ, ಎರಡು ಮಳೆಗಾಲ ಕಳೆದ ಮದ್ದು ಸತ್ತೇ ಹೋಗಿರುತ್ತದೆ’ ಎನ್ನುವುದು ಮೊದಲ ಆಕ್ಷೇಪ. ಮಲೆನಾಡಿನ ಮಳೆ ಕಂಡವರಿಗೆ ಇದು ಸಹಜವಾಗಿ ತೋರುವ ಮಾತು. ಆದರೆ ಕರಿಮದ್ದು ಹಾಲಿನಂತೆ ಕೆಡುವ ವಸ್ತುವಲ್ಲ. ಪೆಟ್ಲುಪ್ಪು, ಗಂಧಕ, ಇದ್ದಲು ಈ ಮೂರರ ಮಿಶ್ರಣ ಅದು. ಮೂರೂ ತಮ್ಮಷ್ಟಕ್ಕೆ ತಾವು ದೀರ್ಘಕಾಲ ಉಳಿಯುವಂಥವು. ತೇವ ತಾಗಿದಾಗ ಮದ್ದು ಹೊತ್ತಲು ಹಿಂಜರಿಯುತ್ತದೆ ನಿಜ, ಆದರೆ ತೇವ ಆರಿದ ಮೇಲೆ ಅದರ ಶಕ್ತಿ ಬಹಳಷ್ಟು ಮರಳಬಲ್ಲುದು. ಅಲ್ಲದೆ ನಳಿಗೆಯ ಬುಡದಲ್ಲಿ, ಗಟ್ಟಿಯಾಗಿ ಜಡಿದ ನಾರಿನ ಕೆಳಗೆ ಕುಳಿತ ಮದ್ದಿಗೆ ಹೊರಗಿನ ಮಳೆ ಮುಟ್ಟುವುದೇ ಕಡಿಮೆ. 2013ರ ಜನವರಿಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಸೇರಿದ ಹಳೆಯ ಫಿರಂಗಿಯೊಂದನ್ನು ಶುಚಿಗೊಳಿಸುತ್ತಿದ್ದವರಿಗೆ ಅದರೊಳಗೆ ಗುಂಡು, ಬಿರಡೆ ಮತ್ತು ಸುಮಾರು 800 ಗ್ರಾಂ ಮದ್ದು ಸಿಕ್ಕಿತು. 1780ರಲ್ಲಿ ಮುಳುಗಿದ ಹುಸ್ಸಾರ್ ಎಂಬ ಬ್ರಿಟಿಷ್ ಯುದ್ಧನೌಕೆಯದೆನ್ನುವ ಫಿರಂಗಿ ಅದು. ಜನ ಓಡಾಡುವ ಉದ್ಯಾನದಲ್ಲಿ ಎಷ್ಟೋ ಕಾಲ ಪ್ರದರ್ಶನಕ್ಕಿದ್ದದ್ದು. ಬಾಂಬ್ ನಿಷ್ಕ್ರಿಯ ದಳದವರು ಬಂದು ತೆಗೆದ ಆ ಮದ್ದು ಆಗಲೂ ಉರಿಯಬಲ್ಲ ಸ್ಥಿತಿಯಲ್ಲಿತ್ತು. ಇನ್ನೂರಕ್ಕೂ ಹೆಚ್ಚು ವರ್ಷ ಕಳೆದರೂ ಸಾಯದ ಮದ್ದು ಎರಡು ಆಷಾಢಕ್ಕೆ ಸಾಯುತ್ತದೆ ಎಂದು ಲೆಕ್ಕ ಹಾಕುವುದು ಜೂಜಾಟವೇ ಸರಿ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ‘ಕೇಪು ತೆಗೆದಿಟ್ಟರೆ ಸಾಲದೆ? ಕಿಡಿಯೇ ಇಲ್ಲದೆ ಮದ್ದು ಹೇಗೆ ಹೊತ್ತೀತು?’ ಕೇಪು ತೆಗೆಯುವುದು ಒಳ್ಳೆಯ ಅಭ್ಯಾಸ, ಅದರಲ್ಲಿ ಎರಡು ಮಾತಿಲ್ಲ. ಕೇಪು ಕೂತ ಕೋವಿಯಲ್ಲಿ ಅದನ್ನು ಬಡಿಯುವ ಕುದುರೆಗೆ ಒಂದು ಪೆಟ್ಟು ಬಿದ್ದರೆ ಸಾಕು, ಟ್ರಿಗರ್ ಮುಟ್ಟಬೇಕೆಂದೇ ಇಲ್ಲ. ಸವೆದ ಹಳೆಯ ಕೋವಿಗಳಲ್ಲಿ ಅರ್ಧ ಎತ್ತಿ ನಿಲ್ಲಿಸಿದ ಕುದುರೆಯ ಹಲ್ಲೂ ಜಾರಬಹುದು. ಆದರೆ ಕೇಪು ತೆಗೆದರೆ ದೂರವಾಗುವುದು ಕಿಡಿ ಮಾತ್ರ, ಈಡು ಒಳಗೇ ಇರುತ್ತದೆ. ಅಂಥ ಕೋವಿ ತಾನಾಗಿ ಹಾರುವುದು ಅಪರೂಪ ಎಂದು ಒಪ್ಪೋಣ. ಅಪಾಯ ತರುವುದು ಆಮೇಲೆ ಬರುವ ಮನುಷ್ಯ. ನಿಪ್ಪಲ್ ಎನ್ನುವ ಪುಟ್ಟ ಕೊಳವೆಯ ಮೇಲೆ ಕೇಪು ಇಲ್ಲದ್ದನ್ನು ಕಂಡವರು ಕೋವಿಯೇ ಖಾಲಿ ಎಂದುಕೊಳ್ಳುತ್ತಾರೆ. ಒಬ್ಬ ಸುಮ್ಮನೆ ಸದ್ದು ಕೇಳಲು ಒಂದು ಕೇಪು ಇಟ್ಟು ಕುದುರೆ ಬಿಡುತ್ತಾನೆ. ಇನ್ನೊಬ್ಬ ಖಾಲಿ ಎಂದೇ ನಂಬಿ ಹಳೆಯ ಈಡಿನ ಮೇಲೆ ಹೊಸ ಈಡು ಜಡಿಯುತ್ತಾನೆ. ಮನೆಗೆ ಬೆಂಕಿ ಬಿದ್ದರೆ ಕೇಪು ಇಲ್ಲದ ಈಡೂ ಹಾರಬಲ್ಲುದು. ಕೇಪು ಇಲ್ಲದಿರುವುದನ್ನೇ ಖಾಲಿ ಎನ್ನುವುದಕ್ಕೆ ಗುರುತಾಗಿ ಓದುವ ಮನೆಯಲ್ಲಿ ಒಂದು ಎಚ್ಚರಿಕೆಯೇ ಇನ್ನೊಂದು ಮೋಸಕ್ಕೆ ದಾರಿ ಮಾಡಿಕೊಡುತ್ತದೆ.

ಹಾಗಾದರೆ ಖಾಲಿ ಎಂದು ತಿಳಿಯುವುದು ಹೇಗೆ? ಇದಕ್ಕೆ ಬೇಕಾದ ಸಾಧನ ಪ್ರತಿ ಕೋವಿಯ ಜೊತೆಗೇ ಬಂದಿರುತ್ತದೆ. ಈಡು ಜಡಿಯಲು ಬಳಸುವ ಗಜವೇ ಅದು. ಖಾಲಿ ಎಂದು ಖಚಿತವಾದ, ತೊಳೆದು ಒರೆಸಿದ ಕೋವಿಯ ನಳಿಗೆಗೆ ಗಜವನ್ನು ಬುಡ ಮುಟ್ಟುವವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಒಂದು ಗೆರೆ ಕೊರೆಯಬೇಕು. ಅದು ಖಾಲಿಯ ಗೆರೆ. ಮುಂದೆ ಯಾವಾಗ ಗಜ ಇಳಿಸಿದರೂ ಗೆರೆ ಬಾಯಿಗೆ ಸಮವಾಗಿ ನಿಂತರೆ ಒಳಗೆ ಏನೂ ಇಲ್ಲ. ಗೆರೆ ಬಾಯಿಗಿಂತ ಮೇಲೆ ಉಳಿದರೆ ಒಳಗೆ ಏನೋ ಇದೆ. ಅದು ಈಡೇ ಆಗಬೇಕೆಂದಿಲ್ಲ, ಕಣಜದ ಮಣ್ಣಿನ ಗೂಡೋ ಚಿಂದಿ ಬಟ್ಟೆಯೋ ಇರಬಹುದು, ಆದರೆ ಈಡೆಂದೇ ತಿಳಿದು ನಡೆಯಬೇಕು. ಗೆರೆ ಇಲ್ಲದ ಹಳೆಯ ಗಜವಾದರೆ, ಒಳಗಿಳಿದಷ್ಟು ಉದ್ದವನ್ನು ಬೆರಳಿಂದ ಗುರುತು ಹಿಡಿದು ಗಜವನ್ನು ಹೊರತೆಗೆದು ನಳಿಗೆಯ ಹೊರಮೈಗೆ ಇಟ್ಟು ನೋಡಬಹುದು. ಅದರ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು, ನಾಲ್ಕು ಬೆರಳು ಹಿಂದೆಯೇ ನಿಂತರೆ ಸಂಶಯಪಡಬೇಕು. ಅಳೆಯುವ ಮೊದಲು ಕೇಪು ಇಲ್ಲವೆಂದು ನೋಡಿಕೊಳ್ಳಬೇಕು. ಬಾಯಿ ಮನುಷ್ಯರಿಲ್ಲದ ಕಡೆಗೆ ಇರಬೇಕು. ಅಳೆಯುವವನ ಮುಖ, ಎದೆ ಬಾಯಿಯ ನೇರಕ್ಕೆ ಬರಬಾರದು, ಗಜವನ್ನು ಅಂಗೈಯಿಂದ ಅದುಮದೆ ಬೆರಳ ತುದಿಯಲ್ಲಿ ಹಿಡಿದು ಇಳಿಸಬೇಕು. ಗಜ ಮರದ್ದೋ ಹಿತ್ತಾಳೆಯದೋ ಆದರೆ ಒಳ್ಳೆಯದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಕಿಡಿ ಏಳಬಹುದು. ನಯಾಪೈಸೆ ಖರ್ಚಿಲ್ಲದ ಈ ಗೆರೆ ನೂರು ಬಾರಿ ಕೇಳಿ ತಿಳಿಯುವುದಕ್ಕಿಂತ ಮೇಲು, ಏಕೆಂದರೆ ಗೆರೆಗೆ ಮರೆವಿಲ್ಲ.

ಈಡು ಇದೆ ಎಂದು ಗೊತ್ತಾದ ಮೇಲೆ ಅದನ್ನು ತೆಗೆಯುವ ದಾರಿ ಎರಡು. ಯಾವುದನ್ನು ಹಿಡಿಯಬೇಕು ಎಂಬುದನ್ನು ತೀರ್ಮಾನಿಸುವುದು ಒಂದೇ ಪ್ರಶ್ನೆ: ಆ ಈಡನ್ನು ಯಾರು, ಯಾವಾಗ, ಎಷ್ಟು ಅಳತೆಗೆ ತುಂಬಿದರೆಂದು ನಿಸ್ಸಂದೇಹವಾಗಿ ಗೊತ್ತಿದೆಯೇ? ಅದೇ ರಾತ್ರಿ ತಾನೇ ಅಳೆದು ತುಂಬಿದ ಈಡಾದರೆ, ಪರವಾನಗಿಯ ಷರತ್ತಿಗೆ ಒಳಪಟ್ಟು, ಅದನ್ನು ಅಲ್ಲೇ ಹಾರಿಸಿ ಖಾಲಿ ಮಾಡುವುದು ಸರಳ. ಆದರೆ ಆಕಾಶಕ್ಕಲ್ಲ. ಮೇಲೆ ಹೋದ ಸೀಸ ಎಲ್ಲೋ ಒಂದು ಕಡೆ ಕೆಳಗೆ ಬೀಳಲೇಬೇಕು. ಹಿಂದೆ ದಾರಿ, ಮನೆ, ಕೊಟ್ಟಿಗೆ ಏನೂ ಇಲ್ಲದ ಮೆತ್ತನೆಯ ಮಣ್ಣಿನ ಧರೆಗೆ ಹೊಡೆಯಬೇಕು, ಬಂಡೆಗೆ ಹೊಡೆದರೆ ಚರೆ ಪುಟಿಯುತ್ತದೆ. ಕೇಪು ಸಿಡಿದು ಈಡು ಹಾರದೇ ಹೋದರೆ ಕೋವಿಯನ್ನು ಇಳಿಸದೆ, ಬಾಯಿಯನ್ನು ಧರೆಯ ಕಡೆಗೇ ಹಿಡಿದು ಒಂದೆರಡು ನಿಮಿಷ ಕಾಯಬೇಕು. ಬುಡದಲ್ಲಿ ಕನಲುತ್ತಿರುವ ಕಿಡಿ ತಡವಾಗಿ ಮದ್ದಿಗೆ ತಾಗುವುದುಂಟು. ಹಾರಿದ ಮೇಲೂ ಕೂಡಲೇ ಮತ್ತೆ ತುಂಬಲು ಹೋಗಬಾರದು, ಉರಿದ ನಾರಿನ ಕೆಂಡ ಒಳಗೆ ಉಳಿದಿದ್ದರೆ ಹೊಸ ಮದ್ದು ಸುರಿಯುವ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಮದ್ದಿನ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು, ಬೇರೆ ಅಳತೆಯಲ್ಲಿ ತೆಗೆದು ಸುರಿಯಬೇಕು ಎನ್ನುವ ನಿಯಮ ಹುಟ್ಟಿದ್ದೂ ಈ ಕಾರಣಕ್ಕೇ.

ಯಾರು ತುಂಬಿದ್ದೆಂದು ತಿಳಿಯದ ಈಡಿನ ಮಾತೇ ಬೇರೆ. ಅಟ್ಟದಲ್ಲಿ ಸಿಕ್ಕ ಅಜ್ಜನ ಕಾಲದ ಕೋವಿಯನ್ನು ‘ಒಮ್ಮೆ ಹಾರಿಸಿ ನೋಡಿಬಿಡೋಣ’ ಎನ್ನುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಒಳಗೆ ಎರಡು ಈಡು ಇರಬಹುದು. ಗುಂಡು ಮದ್ದಿನಿಂದ ಮೇಲೆ ಸರಿದು ನಡುವೆ ಜಾಗ ಬಿಟ್ಟಿರಬಹುದು, ಹಾಗಿದ್ದಾಗ ಒತ್ತಡ ಒಂದೆಡೆ ಕೇಂದ್ರೀಕರಿಸಿ ನಳಿಗೆ ಉಬ್ಬಿ ಒಡೆಯುವ ಸಂಭವ ಹೆಚ್ಚು. ತುಕ್ಕು ತಿಂದ ನಳಿಗೆಯ ಗೋಡೆ ಎಷ್ಟು ತೆಳುವಾಗಿದೆಯೋ ಹೊರಗಿನಿಂದ ಕಾಣುವುದಿಲ್ಲ. ಅಂಥ ಈಡನ್ನು ಹಾರಿಸಕೂಡದು, ಒದ್ದೆ ಮಾಡಿ ಕೀಳಬೇಕು. ಇಲ್ಲಿ ಪೆಟ್ಲುಪ್ಪೇ ನಮ್ಮ ನೆರವಿಗೆ ಬರುತ್ತದೆ. ಹೆಸರೇ ಹೇಳುವಂತೆ ಅದೊಂದು ಉಪ್ಪು, ನೀರಿನಲ್ಲಿ ಕರಗುತ್ತದೆ. ಗಂಧಕ, ಇದ್ದಲುಗಳಿಗೆ ಉರಿಯಲು ಬೇಕಾದ ಆಮ್ಲಜನಕ ಒದಗಿಸುವುದು ಪೆಟ್ಲುಪ್ಪು. ಅದು ಕರಗಿ ಹೊರಗೆ ಹೋದರೆ ಉಳಿಯುವುದು ಕರಿ ಕೆಸರು. ಸೀಮೆಎಣ್ಣೆ, ತೆಂಗಿನೆಣ್ಣೆಗಳಲ್ಲಿ ಅದು ಕರಗುವುದಿಲ್ಲ. ಎಣ್ಣೆ ಹೊಯ್ದು ಮದ್ದು ಕೊಂದೆ ಎನ್ನುವವನು ಅದಕ್ಕೆ ಮಂಕು ಹಿಡಿಸಿರುತ್ತಾನೆ ಅಷ್ಟೇ. ಕಸುಬುದಾರರು ನಿಪ್ಪಲ್ ಬಿಚ್ಚಿ ಆ ತೂತಿನಿಂದ ಬುಡಕ್ಕೇ ನೀರು ಹಾಯಿಸಿ ಚೆನ್ನಾಗಿ ನೆನೆಯಲು ಬಿಡುತ್ತಾರೆ, ಬಳಿಕ ತುದಿಯಲ್ಲಿ ತಿರುಪಿರುವ ಗಜದಿಂದ ನಾರು, ಗುಂಡುಗಳನ್ನು ಕಚ್ಚಿಸಿ ಎಳೆಯುತ್ತಾರೆ. ಕೆಲವೆಡೆ ಮದ್ದು ನೆನೆದ ಮೇಲೆ ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡದಿಂದ ಈಡನ್ನು ಹೊರದಬ್ಬುವ ಸಾಧನವೂ ಬಳಕೆಯಲ್ಲಿದೆ. ಮದ್ದಿಗೆ ನೀರು ತಲುಪಿದೆ ಎಂಬುದು ಖಚಿತವಾಗದೆ ತಿರುಪು ಹಾಕುವುದು, ಬುಡವನ್ನು ಕಾಯಿಸುವುದು, ಡ್ರಿಲ್ ಹಿಡಿಯುವುದು ಸಾವನ್ನು ಕರೆದಂತೆ. ಮನೆಯವರು ಮಾಡಬೇಕಾದ್ದು ಇಷ್ಟೇ: ಕೋವಿಯನ್ನು ಅಲ್ಲಾಡಿಸದೆ ಪೊಲೀಸ್ ಠಾಣೆಗೆ ತಿಳಿಸಿ, ಅವರ ಮೂಲಕ ಪರವಾನಗಿ ಪಡೆದ ಕೋವಿ ರಿಪೇರಿಗಾರನ ಕೈಗೆ ಒಪ್ಪಿಸುವುದು.

ಇಷ್ಟೆಲ್ಲ ಕೇಳಿದ ರೈತ ಎತ್ತುವ ಪ್ರಶ್ನೆ ಒಂದಿದೆ, ಅದಕ್ಕೆ ಉತ್ತರ ಹೇಳದೆ ಈ ವಾದ ನಿಲ್ಲುವುದಿಲ್ಲ. ‘ನಾನು ಮದ್ದು ಅಳೆದು, ನಾರು ಜಡಿದು, ಚರೆ ಹಾಕಿ, ಕೇಪು ಕೂರಿಸುವವರೆಗೆ ಹಂದಿ ಕಾಯುತ್ತದೆಯೇ?’ ಕಾಯುವುದಿಲ್ಲ. ಕಾಗದದ ತೋಟೆ ಹಿಡಿದ ಪಳಗಿದ ಸಿಪಾಯಿ ನಿಮಿಷಕ್ಕೆ ಎರಡು ಮೂರು ಈಡು ಹಾರಿಸುತ್ತಿದ್ದನಂತೆ, ಕತ್ತಲಲ್ಲಿ ಬುರುಡೆ ತಡಕುವ ರೈತನಿಗೆ ಆ ವೇಗ ಸಾಧ್ಯವಿಲ್ಲ. ಆದರೆ ಈ ಪ್ರಶ್ನೆಯಲ್ಲಿ ಎರಡು ಸಂದರ್ಭಗಳು ಬೆರೆತುಹೋಗಿವೆ. ಗದ್ದೆಯ ಅಟ್ಟಣೆಯಲ್ಲಿ, ಎಚ್ಚರವಾಗಿರುವ ಒಬ್ಬನ ಕೈಯಲ್ಲಿ, ಆ ರಾತ್ರಿಯ ಮಟ್ಟಿಗೆ ಈಡು ತುಂಬಿದ ಕೋವಿ ಇರುವುದು ಬೇರೆ. ಅದೇ ಕೋವಿ ಬೆಳಗ್ಗೆ ಈಡಿನ ಸಮೇತ ಮನೆಗೆ ಬಂದು ಬಾಗಿಲ ಹಿಂದಿನ ಗೂಟಕ್ಕೆ ತೂಗುವುದು ಬೇರೆ. ಮೊದಲನೆಯದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ತುಂಬುವುದು ಅಟ್ಟಣೆಯಲ್ಲಿ, ಖಾಲಿ ಮಾಡುವುದೂ ಅಟ್ಟಣೆಯಲ್ಲಿ, ಕೇಪು ಕೂರಿಸುವುದು ಸದ್ದು ಕೇಳಿದ ಮೇಲೆ. ಕೇಪಿನ ಹುಟ್ಟೇ ವೇಗಕ್ಕಾಗಿ ಆದದ್ದು ತಾನೆ? ಚಕಮಕಿ ಕೋವಿಯ ಬಟ್ಟಲಿನ ಮಿಂಚು ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದುದರಿಂದ ಬೇಸತ್ತ ಅಲೆಗ್ಸಾಂಡರ್ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಪೆಟ್ಟಿಗೆ ಸಿಡಿಯುವ ರಾಸಾಯನಿಕ ಬಳಸಿ 1807ರಲ್ಲಿ ಪೇಟೆಂಟ್ ಪಡೆದ, ಕೇಪು ಬೆಳೆದದ್ದು ಆ ದಾರಿಯಲ್ಲೇ. ಅದನ್ನು ಕೂರಿಸಲು ಕೆಲವು ಕ್ಷಣ ಸಾಕು. ಆಗ ಉಳಿಯುವ ನಷ್ಟ ಬೆಳಗಿನ ಒಂದು ಈಡಿನ ಮದ್ದು, ನಾಲ್ಕು ಕಾಳು ಚರೆ. ಆ ಸದ್ದೂ ವ್ಯರ್ಥವಲ್ಲ, ಹಂದಿಗೆ ಬೇಕಾದ ಎಚ್ಚರಿಕೆಯನ್ನೇ ಅದು ಕೊಟ್ಟಿರುತ್ತದೆ. ಹಾರಿಸಲಾಗದ ಜಾಗದಲ್ಲಿ ಕಾವಲಿರುವವನು ಈಡು ತುಂಬದೆ ತಮಟೆ, ಡಬ್ಬಗಳನ್ನೇ ನಂಬುವುದು ಕ್ಷೇಮ.

ಖಾಲಿ ಮಾಡಿದ ಕೋವಿಯನ್ನು ಇಡುವ ಬಗೆಯೂ ಈ ವಾದದ ಮುಂದುವರಿಕೆಯೇ. ಕರಿಮದ್ದು ಉರಿದ ಮೇಲೆ ಉಳಿಯುವ ಮಷ್ಟು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಮಲೆನಾಡಿನ ಹವೆಯಲ್ಲಿ ಒಂದು ರಾತ್ರಿಯೂ ತಡ ಮಾಡುವಂತಿಲ್ಲ. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ತೆಳ್ಳಗೆ ಎಣ್ಣೆ ಸವರಬೇಕು. ಆಮೇಲೆ ಕೆಲ ಹೊತ್ತು ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಹೆಚ್ಚಾದ ಎಣ್ಣೆ ಬುಡಕ್ಕೆ ಇಳಿಯದೆ ಹೊರಗೆ ಸೋರುತ್ತದೆ. ಬುಡದಲ್ಲಿ ನಿಂತ ಎಣ್ಣೆ ಮುಂದಿನ ಈಡನ್ನು ಹೊತ್ತಗೊಡದೆ, ಗೆಟಿಸ್‌ಬರ್ಗಿನ ಸಿಪಾಯಿಯ ಗೊಂದಲವನ್ನೇ ಮತ್ತೆ ಹುಟ್ಟುಹಾಕುತ್ತದೆ. ಕೋವಿ, ಮದ್ದು, ಕೇಪು ಮೂರೂ ಮೂರು ಕಡೆ ಬೀಗದೊಳಗಿರಬೇಕು, ಬೀಗದ ಕೈ ಹಿರಿಯರೊಬ್ಬರ ಬಳಿ. ಒಲೆ, ಹೊಗೆ ಅಟ್ಟ, ದೇವರ ದೀಪ ಇವುಗಳ ಹತ್ತಿರಕ್ಕೆ ಮದ್ದು ಬರಬಾರದು. ಪರವಾನಗಿಯಂತೆ ಕೊಂಡ ಮದ್ದಿಗೆ ಬದಲಾಗಿ ಪಟಾಕಿ ಬಿಚ್ಚಿ ತೆಗೆದ ಪುಡಿಯನ್ನೋ ಬೆಂಕಿಕಡ್ಡಿಯ ತಲೆಯನ್ನೋ ತುಂಬುವ ಚಾಳಿ ಪ್ರಾಣಕ್ಕೇ ಸಂಚಕಾರ. ಕ್ಲೋರೇಟ್ ಬೆರೆತ ಪುಡಿ ಗಜದ ಒಂದು ಪೆಟ್ಟಿಗೇ ಸಿಡಿಯಬಲ್ಲುದು. ಕೋವಿಯನ್ನು ಭದ್ರವಾಗಿ ಇಡುವ ಹೊಣೆಯನ್ನು 2016ರ ಆಯುಧ ನಿಯಮಗಳು ಪರವಾನಗಿದಾರನ ಮೇಲೆಯೇ ಹೊರಿಸಿವೆ, ‘ಮಕ್ಕಳು ಎಟುಕಿಸಿಕೊಂಡರು’ ಎನ್ನುವುದು ಕಾನೂನಿನ ಮುಂದೆ ಸಮಜಾಯಿಷಿ ಆಗುವುದಿಲ್ಲ.

ಕೋವಿ ಕೈ ಬದಲಾಗುವ ದಿನಗಳಲ್ಲಿ ಈ ಕ್ರಮದ ಪರೀಕ್ಷೆ ನಡೆಯುತ್ತದೆ. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. ಒಂದು ಕೊಠಡಿಯಲ್ಲಿ ಒತ್ತಾಗಿ ನಿಲ್ಲಿಸಿದ ಕೋವಿಗಳಲ್ಲಿ ಒಂದರಲ್ಲಿ ಈಡು ಉಳಿದಿದ್ದರೂ ಅಪಾಯ ಎಲ್ಲರ ಪಾಲಿಗೆ. ಕೊಡುವವನು ಪಡೆಯುವವನ ಕಣ್ಣೆದುರೇ ಗಜ ಇಳಿಸಿ ಗೆರೆ ತೋರಿಸುವುದು, ಮರಳಿ ತರುವಾಗಲೂ ಹಾಗೆಯೇ ಮಾಡುವುದು ರಸೀದಿಯಷ್ಟೇ ಮುಖ್ಯವಾಗಬೇಕು. ಪರವಾನಗಿದಾರ ತೀರಿಕೊಂಡಾಗ ವಾರಸುದಾರರು ತಡ ಮಾಡದೆ ಕೋವಿಯನ್ನು ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಒಪ್ಪಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದರೊಳಗೆ ಏನಿದೆಯೆಂದು ಬಲ್ಲ ಒಬ್ಬನೇ ಹೋಗಿಬಿಟ್ಟಿರುವುದರಿಂದ ಆ ಕೋವಿಯನ್ನು ತುಂಬಿದ ಕೋವಿಯೆಂದೇ ಎಣಿಸಬೇಕು. ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ತೊಳೆದು ಒರೆಸಿ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆಗಿಡುತ್ತಾರೆ, ನಾಡಿನ ಬೇರೆಡೆ ಆಯುಧ ಪೂಜೆಯ ದಿನ ಕುಂಕುಮ ಹಚ್ಚುತ್ತಾರೆ. ಮಕ್ಕಳು ಮುದುಕರೆಲ್ಲ ಅದರ ಮುಂದೆ ಕೈಮುಗಿದು ಕೂರುವ ಹೊತ್ತು ಅದು. ಪೂಜೆಗೆ ಮೊದಲು ಗಜ ಇಳಿಸಿ ನೋಡುವುದನ್ನು ಆ ಶುಚಿಕಾರ್ಯದ ಭಾಗವೇ ಎಂದುಕೊಂಡರೆ ಆಚಾರಕ್ಕೆ ಕುಂದೇನೂ ಬರುವುದಿಲ್ಲ.

ಕೊನೆಗೆ ಉಳಿಯುವುದು ‘ನಮ್ಮ ಹಿರಿಯರು ಹೀಗೇ ಇಟ್ಟುಕೊಂಡಿದ್ದರು, ಏನೂ ಆಗಲಿಲ್ಲ’ ಎನ್ನುವ ಮಾತು. ಏನೂ ಆಗದ ಮನೆಗಳವರು ಮಾತ್ರ ಆಡಬಹುದಾದ ಮಾತು ಇದು. ಆದದ್ದು ಯಾರ ಮನೆಯಲ್ಲೋ ಅವರು ಇದನ್ನು ಆಡುವುದಿಲ್ಲ. ಹಿರಿಯರ ಕಾಲದಲ್ಲಿ ಒಂದು ಮನೆಯ ಕೋವಿ ಮುಟ್ಟುವ ಕೈ ಸಾಮಾನ್ಯವಾಗಿ ಒಂದೇ ಇರುತ್ತಿತ್ತು, ಆ ಕೈ ವಾರಕ್ಕೆರಡು ಸಲವಾದರೂ ಅದನ್ನು ಬಳಸುತ್ತಿತ್ತು. ಈಗ ಶಿಕಾರಿ ನಿಂತಿದೆ, ಮಕ್ಕಳು ಪೇಟೆಗೆ ಹೋಗಿದ್ದಾರೆ, ಕೋವಿ ತಿಂಗಳುಗಟ್ಟಲೆ ಮೂಲೆಯಲ್ಲಿರುತ್ತದೆ, ರಜೆಗೆ ಬಂದ ಮೊಮ್ಮಗ ಕುತೂಹಲದಿಂದ ಎತ್ತಿಕೊಳ್ಳುತ್ತಾನೆ. ಅಭ್ಯಾಸವಿದ್ದ ಕೈಗೆ ಸಾಲುತ್ತಿದ್ದ ನೆನಪು ಅಭ್ಯಾಸ ತಪ್ಪಿದ ಕೈಗೆ ಸಾಲುವುದಿಲ್ಲ. ಮೊಮ್ಮಗನ ಕೈಗೆ ಬೀಗದ ಕೈ ಸಿಗದಿರುವುದು ಒಂದು ರಕ್ಷೆಯಾದರೆ, ಬೀಗ ಮರೆತ ದಿನವೂ ಆ ನಳಿಗೆ ಖಾಲಿ ಇರುವುದು ಇನ್ನೊಂದು. ಗಜದ ಮೇಲಿನ ಆ ಒಂದು ಗೆರೆಯನ್ನು ಇವತ್ತೇ ಕೊರೆದಿಟ್ಟರೆ ಕೋವಿಯ ಹೊಟ್ಟೆಯಲ್ಲಿರುವುದು ಅಜ್ಜನಿಗೆ ತಿಳಿದಷ್ಟೇ ನಿಚ್ಚಳವಾಗಿ ಮೊಮ್ಮಗನಿಗೂ ಠಾಣೆಯ ಪೇದೆಗೂ ತಿಳಿಯುತ್ತದೆ.